ಫಲ ಕಾಣದ ಪ್ರಮಾದ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರಯಾಣಿಕರ ವಿಮಾನವನ್ನು ಕ್ಯಾಪ್ಟನ್ ಆಗಿ ನಡೆಸಬೇಕಾದವರು ‘ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್’ ಎಂಬ ಪ್ರಮಾಣಪತ್ರವನ್ನು ಪಡೆದಿರಬೇಕು. ಆ ದೇಶದ ವೈಮಾನಿಕ ಪ್ರಮಾಣಪತ್ರಗಳಲ್ಲಿ ಇದೇ ಅತ್ಯುನ್ನತವಾದುದು. ಇದಕ್ಕೆ ಬೇಕಾದ ಅರ್ಹತೆಗಳನ್ನು ಅಲ್ಲಿನ ನಿಯಮಾವಳಿಯು ವಿವರವಾಗಿ ಹೇಳಿದೆ. ಸಾಮಾನ್ಯವಾಗಿ ವಯಸ್ಸು 23 ತುಂಬಿರಬೇಕು. ಇಂಗ್ಲಿಷ್ ಭಾಷೆಯನ್ನು ಓದಿ, ಬರೆದು, ಮಾತನಾಡಿ, ಅರ್ಥ ಮಾಡಿಕೊಳ್ಳಬಲ್ಲವರಾಗಿರಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ 1500 ಗಂಟೆಗಳ ಹಾರಾಟದ ಅನುಭವವಿರಬೇಕು. ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಕ್ಯಾಪ್ಟನ್ ಆಗಿ ಹಾರುವವರು ನಲವತ್ತು ವರ್ಷದವರೆಗೆ ವರ್ಷಕ್ಕೊಮ್ಮೆ, ಅನಂತರ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆಗೆ ಒಳಗಾಗಬೇಕು. ಇಷ್ಟೆಲ್ಲವೂ ಎಣಿಕೆಗೆ, ಅಳತೆಗೆ ಸಿಕ್ಕುವ ಸಂಗತಿಗಳು. ಆದರೆ ಇವುಗಳ ನಡುವೆ ಅಳತೆಗೆ ಸಿಕ್ಕದ ಒಂದು ಅರ್ಹತೆಯೂ ಸೇರಿಕೊಂಡಿದೆ: ಅಭ್ಯರ್ಥಿಯು ಒಳ್ಳೆಯ ನೈತಿಕ ಶೀಲವುಳ್ಳವನಾಗಿರಬೇಕು. ಸ್ವಂತಕ್ಕಾಗಿ ಹಾರುವವನ ಪ್ರಮಾಣಪತ್ರಕ್ಕಾಗಲಿ, ಹಣಕ್ಕಾಗಿ ಹಾರುವವನ ಸಾಮಾನ್ಯ ವಾಣಿಜ್ಯ ಪ್ರಮಾಣಪತ್ರಕ್ಕಾಗಲಿ ಈ ಅರ್ಹತೆಯನ್ನು ಹೇಳಿಲ್ಲ. ಅತ್ಯುನ್ನತವಾದುದಕ್ಕೆ ಮಾತ್ರ ಹೇಳಿದೆ.

ಶೀಲವನ್ನು ಅಳೆಯುವುದು ಹೇಗೆ? ಅಭ್ಯರ್ಥಿಯ ಮೇಲೆ ಗಂಭೀರ ಅಪರಾಧದ ದಾಖಲೆ ಇದ್ದಾಗ ಸಾಮಾನ್ಯವಾಗಿ ಈ ಮಾತು ಚರ್ಚೆಗೆ ಬರುತ್ತದೆ. ಉಳಿದಂತೆ ನಿಯಮದಲ್ಲಿದ್ದರೂ ಪರೀಕ್ಷೆಯಲ್ಲಿಲ್ಲದ ಅರ್ಹತೆ ಇದು. ಕಾನೂನು ತನ್ನ ಕೈಗೆ ಸಿಕ್ಕುವುದನ್ನು ಮಾತ್ರ ಎಣಿಸಬಲ್ಲದು. 2009ರ ಫೆಬ್ರವರಿ 12ರಂದು ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನವೊಂದು ಬಿದ್ದು, ನೆಲದ ಮೇಲಿದ್ದ ಒಬ್ಬರೂ ಸೇರಿದಂತೆ 50 ಮಂದಿ ಮೃತರಾದರು. ಆ ಬಳಿಕ ಅಲ್ಲಿನ ಸಂಸತ್ತು 2010ರಲ್ಲಿ ಶಾಸನ ಮಾಡಿತು. 2013ರಿಂದ ಸಹಪೈಲಟ್ ಕೂಡ ಈ ಉನ್ನತ ಪ್ರಮಾಣಪತ್ರವನ್ನು ಪಡೆದಿರಬೇಕೆಂಬ ನಿಯಮ ಜಾರಿಗೆ ಬಂದಿತು. ಅದಕ್ಕೆ ಮೊದಲು 250 ಗಂಟೆಗಳ ಅನುಭವವಿದ್ದ ವಾಣಿಜ್ಯ ಪೈಲಟ್ ಆ ಸ್ಥಾನದಲ್ಲಿ ಕುಳಿತುಕೊಳ್ಳಬಹುದಾಗಿತ್ತು. ಸುಧಾರಣೆ ಒಳ್ಳೆಯದೇ. ಆದರೆ ಬಫಲೋ ಬಳಿ ಬಿದ್ದ ಆ ವಿಮಾನದ ಇಬ್ಬರು ಪೈಲಟರಿಗೂ 1500 ಗಂಟೆಗಳಿಗೆ ಮೀರಿದ ಅನುಭವವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಗಂಟೆಗಳು ಅನುಭವದ ಉದ್ದವನ್ನು ಹೇಳುತ್ತವೆ. ಆ ಗಂಟೆಗಳಲ್ಲಿ ಮನಸ್ಸು ಎಚ್ಚರವಾಗಿತ್ತೇ ಎಂಬುದನ್ನು ಹೇಳುವುದಿಲ್ಲ.

ಮನಸ್ಸಿನ ಎಚ್ಚರ ಪ್ರಕಟವಾಗುವ ಸ್ಥಳ ಬೇರೆಯೇ ಇದೆ. ಅದು ಆಕಾಶದಲ್ಲಲ್ಲ, ನೆಲದ ಮೇಲೆ, ವಿಮಾನ ಇನ್ನೂ ಕದಲದೆ ನಿಂತಿರುವಾಗ.

ವಿಮಾನವು ತನ್ನ ಚಕ್ರಗಳ ಮೇಲೆ ನೆಲದಲ್ಲಿಯೇ ಓಡುದಾರಿಯತ್ತ ಸಾಗುವುದನ್ನು ವೈಮಾನಿಕರು ‘ಟ್ಯಾಕ್ಸಿ’ ಎನ್ನುತ್ತಾರೆ. ಎಂಜಿನ್ನುಗಳು ಚಾಲನೆಗೊಂಡ ಮೇಲೆ, ಟ್ಯಾಕ್ಸಿ ಆರಂಭವಾಗುವ ಮುನ್ನ, ಇಬ್ಬರು ಪೈಲಟರು ಒಂದು ಚಿಕ್ಕ ಪಟ್ಟಿಯನ್ನು ಓದಬೇಕು. ಬೋಯಿಂಗ್ 737 ವಿಮಾನದಲ್ಲಿ ಇದು ಸುಮಾರು ಹತ್ತು ಅಂಶಗಳ ಪಟ್ಟಿ. ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ವ್ಯತ್ಯಾಸವಿರಬಹುದು. ಜನರೇಟರುಗಳು ವಿದ್ಯುತ್ತು ಕೊಡುತ್ತಿವೆಯೇ? ವೇಗವನ್ನು ಅಳೆಯುವ ಕೊಳವೆಗಳು ಹಿಮಗಟ್ಟದಂತೆ ಅವುಗಳನ್ನು ಬಿಸಿ ಮಾಡುವ ಸ್ವಿಚ್ಚು ಹಾಕಿದೆಯೇ? ನೆಲದ ಉಪಕರಣಗಳು ವಿಮಾನದಿಂದ ದೂರ ಸರಿದಿವೆಯೇ? ಇಂಥವುಗಳ ನಡುವೆ ಒಂದು ಅಂಶ ‘ಫ್ಲೈಟ್ ಕಂಟ್ರೋಲ್ಸ್’ ಎಂಬುದು. ಪೈಲಟ್ ತನ್ನ ಮುಂದಿರುವ ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸಿ, ಮುಂದಕ್ಕೂ ಹಿಂದಕ್ಕೂ ಪೂರ್ತಿಯಾಗಿ ಸರಿಸಿ, ಕಾಲಿನ ಪೆಡಲುಗಳನ್ನು ಕೊನೆಯವರೆಗೆ ಒತ್ತಿ ನೋಡಬೇಕು. ರೆಕ್ಕೆಯ ಹಿಂಬದಿಯ ಅಂಚು, ಬಾಲದ ಅಡ್ಡಪಟ್ಟಿ, ಬಾಲದ ನಿಲುಪಟ್ಟಿ, ಇವು ಯಾವ ತಡೆಯೂ ಇಲ್ಲದೆ ಆಡುತ್ತಿವೆಯೆಂಬುದು ಇದರಿಂದ ಖಚಿತವಾಗುತ್ತದೆ. ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡುಗಳು.

ಇಂಥ ಪಟ್ಟಿ ಹುಟ್ಟಿದ್ದು ಅಜ್ಞಾನಿಗಳಿಗಾಗಿ ಅಲ್ಲ. 1935ರ ಅಕ್ಟೋಬರ್ 30ರಂದು ಓಹಿಯೊ ರಾಜ್ಯದ ಡೇಟನ್ ಬಳಿಯ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಸಂಸ್ಥೆಯ ‘ಮಾಡೆಲ್ 299’ ಎಂಬ ನಾಲ್ಕು ಎಂಜಿನ್ನುಗಳ ಹೊಸ ವಿಮಾನವನ್ನು ಸೈನ್ಯದವರು ಪರೀಕ್ಷಿಸುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಮೇಜರ್ ಪ್ಲಾಯರ್ ಹಿಲ್, ನುರಿತ ಪರೀಕ್ಷಾ ಪೈಲಟ್. ಸಂಸ್ಥೆಯ ಮುಖ್ಯ ಪರೀಕ್ಷಾ ಪೈಲಟ್ ಲೆಸ್ಲಿ ಟವರ್ ಅವರೂ ಒಳಗಿದ್ದರು. ವಿಮಾನ ನೆಲ ಬಿಟ್ಟಿತು, ಕಡಿದಾಗಿ ಏರಿತು, ಏರಿದಲ್ಲಿಯೇ ಬಲಗುಂದಿ ಕೆಳಗೆ ಬಿದ್ದು ಹೊತ್ತಿಕೊಂಡಿತು. ಹಿಲ್ ಮತ್ತು ಟವರ್ ಇಬ್ಬರೂ ಆ ಗಾಯಗಳಿಂದ ಮೃತರಾದರು. ತನಿಖೆಯಲ್ಲಿ ಎಂಜಿನ್ನಿನ ದೋಷವೇನೂ ಕಂಡುಬರಲಿಲ್ಲ. ವಿಮಾನ ನಿಂತಿದ್ದಾಗ ಗಾಳಿಯ ಹೊಡೆತಕ್ಕೆ ಬಾಲದ ಪಟ್ಟಿಗಳು ಬಡಿದಾಡಿ ಕೆಡದಿರಲೆಂದು ಅವುಗಳನ್ನು ಬಿಗಿಹಿಡಿಯುವ ಒಂದು ಬೀಗವಿರುತ್ತದೆ. ಅದಕ್ಕೆ ‘ಗಸ್ಟ್ ಲಾಕ್’ ಎನ್ನುತ್ತಾರೆ. ಹಾರುವ ಮುನ್ನ ಆ ಬೀಗವನ್ನು ಬಿಡಿಸುವುದನ್ನು ಮರೆತಿದ್ದರು. ಅಂದಿನ ಅತ್ಯಂತ ಸಮರ್ಥರಾದ ಪೈಲಟರಿಗೆ ಈ ಸಣ್ಣ ಸಂಗತಿ ತಿಳಿಯದಿರಲಿಲ್ಲ. ಆ ಕ್ಷಣದಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೆ. ಸೈನ್ಯದ ಪೈಲಟರು ಇದರಿಂದ ಪಾಠ ಕಲಿತು, ನೆನಪನ್ನು ನೆಚ್ಚಿಕೊಳ್ಳದೆ, ಮಾಡಬೇಕಾದುದನ್ನು ಬರೆದಿಟ್ಟುಕೊಂಡು ಓದುವ ಪದ್ಧತಿಯನ್ನು ರೂಢಿಗೆ ತಂದರು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಿಂದ ಸಾವಿರಾರು ಸಂಖ್ಯೆಯಲ್ಲಿ ತಯಾರಾಯಿತು.

ಈ ಪದ್ಧತಿಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪಟ್ಟಿಯನ್ನು ಒಬ್ಬನು ಮನಸ್ಸಿನಲ್ಲಿ ಓದಿಕೊಂಡರೆ ಸಾಲದು. ಒಬ್ಬನು ಗಟ್ಟಿಯಾಗಿ ಕೇಳಬೇಕು. ಮತ್ತೊಬ್ಬನು ಆ ಸ್ವಿಚ್ಚನ್ನೋ ಮಾಪಕವನ್ನೋ ಕಣ್ಣಾರೆ ನೋಡಿ ಉತ್ತರ ಹೇಳಬೇಕು. ಹಿರಿಯನಿಗೆ ಕಿರಿಯನು ಕೇಳುವ ಹಕ್ಕು, ಅಥವಾ ಕರ್ತವ್ಯ, ಇಲ್ಲಿದೆ. ಇಪ್ಪತ್ತು ಸಾವಿರ ಗಂಟೆ ಹಾರಿದವನೂ ನಿನ್ನೆ ಸೇರಿದವನ ಪ್ರಶ್ನೆಗೆ ಉತ್ತರ ಕೊಡಬೇಕು. ಅಭಿಮಾನವನ್ನು ಬದಿಗಿಡದೆ ಇದು ಸಾಧ್ಯವಿಲ್ಲ.

ಮಾತಿನ ರೂಪದಲ್ಲಿ ನಡೆಯುವುದರಿಂದಲೇ ಇದಕ್ಕೆ ಮಾತಿನ ದೋಷವೂ ತಗಲುತ್ತದೆ. 1988ರ ಆಗಸ್ಟ್ 31ರಂದು ಡಲ್ಲಾಸ್-ಫೋರ್ಟ್‌ವರ್ತ್ ನಿಲ್ದಾಣದಲ್ಲಿ ಡೆಲ್ಟಾ ಸಂಸ್ಥೆಯ 1141ನೆಯ ಸಂಖ್ಯೆಯ ಬೋಯಿಂಗ್ 727 ವಿಮಾನ ಏರಲಾರದೆ ಬಿದ್ದು, ಒಳಗಿದ್ದ 108 ಮಂದಿಯಲ್ಲಿ 14 ಮಂದಿ ಅಸುನೀಗಿದರು. ರೆಕ್ಕೆಗೆ ಹೆಚ್ಚಿನ ಎತ್ತುವ ಬಲ ಕೊಡುವ ‘ಫ್ಲ್ಯಾಪ್’ಗಳನ್ನು ಹೊರಚಾಚಿರಲಿಲ್ಲವೆಂದು ತನಿಖಾ ಮಂಡಳಿ ನಿರ್ಣಯಿಸಿತು. ಆದರೆ ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಫ್ಲ್ಯಾಪಿನ ಪ್ರಶ್ನೆಯೂ ಇತ್ತು, ಉತ್ತರವೂ ಇತ್ತು: ಹದಿನೈದು ಡಿಗ್ರಿ, ಹಸಿರು ದೀಪ ಉರಿದಿದೆ ಎಂದು. ಉತ್ತರ ಕೊಟ್ಟವರು ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ದಿನವೂ ಕಾಣುವ ದೀಪವನ್ನು ಅಂದೂ ಕಂಡೆವೆಂದು ನಾಲಗೆ ನುಡಿಯಿತು. ನಾಸಾ ಸಂಸ್ಥೆಗಾಗಿ ಅಸಾಫ್ ದೆಗಾನಿ ಮತ್ತು ಅರ್ಲ್ ವೀನರ್ ಎಂಬ ವಿದ್ವಾಂಸರು 1990ರಲ್ಲಿ ಕಾಕ್‌ಪಿಟ್ ಪಟ್ಟಿಗಳನ್ನು ಕುರಿತು ಬರೆದ ವರದಿಯಲ್ಲಿ ಈ ಸ್ವಭಾವವನ್ನು ಚರ್ಚಿಸಿದ್ದಾರೆ: ಕಣ್ಣು ಇರುವುದನ್ನಲ್ಲ, ಇರಬೇಕೆಂದು ನಿರೀಕ್ಷಿಸಿದುದನ್ನು ಕಾಣುತ್ತದೆ. ನೋಡದೆಯೇ ನೋಡಿದೆನೆಂದು ಹೇಳಿದ ಮಾತನ್ನು ಅಸತ್ಯವೆನ್ನಬೇಕೇ? ಮೋಸಗೊಳಿಸುವ ಉದ್ದೇಶ ಇಲ್ಲಿಲ್ಲವೆಂಬುದು ನಿಜ. ಆದರೆ ಕೇಳಿದವನು ಆ ಮಾತನ್ನು ನಂಬಿ ಮುಂದಿನ ಅಂಶಕ್ಕೆ ಹೋಗುತ್ತಾನೆ. ಪಟ್ಟಿಯನ್ನೇ ಓದದಿದ್ದರೆ ಒಂದು ಸಂದೇಹವಾದರೂ ಉಳಿದಿರುತ್ತಿತ್ತು. ಕಾಣದೆ ಕೊಟ್ಟ ಉತ್ತರ ಆ ಸಂದೇಹವನ್ನೂ ಅಳಿಸಿಹಾಕಿತು.

ಅದೇ ವಿಮಾನದಲ್ಲಿ ಟ್ಯಾಕ್ಸಿಯ ವೇಳೆ ಗಗನಸಖಿಯೊಬ್ಬರು ಕಾಕ್‌ಪಿಟ್ಟಿನಲ್ಲಿ ನಿಂತು ಪೈಲಟರೊಡನೆ ಲೋಕಾಭಿರಾಮವಾಗಿ ಮಾತನಾಡಿದ್ದೂ ಮುದ್ರಿತವಾಗಿತ್ತು. ಟ್ಯಾಕ್ಸಿ, ಏರಿಕೆ, ಇಳಿಕೆಗಳಲ್ಲಿಯೂ ಹತ್ತು ಸಾವಿರ ಅಡಿಯ ಕೆಳಗಿನ ಇತರ ಹಾರಾಟದಲ್ಲಿಯೂ ಅನಗತ್ಯ ಮಾತುಕತೆ ಕೂಡದೆಂಬ ನಿಯಮ 1981ರಿಂದಲೇ ಇತ್ತು. 1974ರಲ್ಲಿ ಷಾರ್ಲಟ್ ನಗರದ ಬಳಿ ಈಸ್ಟರ್ನ್ ಸಂಸ್ಥೆಯ ವಿಮಾನ ಬಿದ್ದಾಗ ಪೈಲಟರು ಇಳಿಯುವ ಹೊತ್ತಿನಲ್ಲಿ ರಾಜಕೀಯ ಮುಂತಾದ ವಿಷಯಗಳನ್ನು ಮಾತನಾಡುತ್ತಿದ್ದುದು ತಿಳಿದುಬಂದಿತ್ತು. ಅಂಥ ಅನುಭವಗಳಿಂದ ಬಂದ ನಿಯಮ ಅದು. ನಿಯಮ ಗೊತ್ತಿದ್ದರೂ ಅದು ಮುರಿಯಿತು. ನಗುನಗುತ್ತ ಮಾತನಾಡುತ್ತಿರುವವರನ್ನು ಸುಮ್ಮನಿರಿ ಎನ್ನುವುದು ಹೇಗೆಂಬ ದಾಕ್ಷಿಣ್ಯವೇ ಅಲ್ಲಿ ಅಡ್ಡ ಬಂದಿರಬೇಕು ಎಂದು ನನಗೆ ತೋರುತ್ತದೆ. ದಾಕ್ಷಿಣ್ಯವನ್ನು ನಾವು ಸದ್ಗುಣವೆಂದೇ ಎಣಿಸುತ್ತೇವೆ. ಮನೆಯಲ್ಲಿ ಅದು ಸದ್ಗುಣವೇ ಇರಬಹುದು.

ಹಿಂದಿನ ವರ್ಷ, 1987ರ ಆಗಸ್ಟ್ 16ರಂದು, ಡೆಟ್ರಾಯಿಟಿನಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ 255ನೆಯ ವಿಮಾನಕ್ಕೂ ಇದೇ ಗತಿ ಒದಗಿತ್ತು. ಓಡುದಾರಿ ಬದಲಾಯಿತು, ತಿರುವೊಂದು ತಪ್ಪಿತು, ಈ ಗಡಿಬಿಡಿಯಲ್ಲಿ ಟ್ಯಾಕ್ಸಿಯ ಪಟ್ಟಿಯನ್ನು ಓದಲೇ ಇಲ್ಲ. ಫ್ಲ್ಯಾಪ್ ಇಲ್ಲದೆ ಏರಿದರೆ ಎಚ್ಚರಿಸಬೇಕಾಗಿದ್ದ ಯಂತ್ರಕ್ಕೂ ವಿದ್ಯುತ್ತು ತಲುಪಿರಲಿಲ್ಲ. ಏಕೆ ತಲುಪಲಿಲ್ಲವೆಂಬುದು ಕೊನೆಗೂ ಖಚಿತವಾಗಲಿಲ್ಲ. ನೆಲದ ಮೇಲಿದ್ದ ಇಬ್ಬರೂ ಸೇರಿ 156 ಮಂದಿ ತೀರಿಕೊಂಡರು. ವಿಮಾನದಲ್ಲಿದ್ದವರ ಪೈಕಿ ನಾಲ್ಕು ವರ್ಷದ ಹೆಣ್ಣುಮಗುವೊಂದು ಮಾತ್ರ ಉಳಿಯಿತು.

ಇವೆರಡರಲ್ಲಿಯೂ ಆ ದಿನದ ಗಡಿಬಿಡಿ ಅಥವಾ ಆ ದಿನದ ಮರೆವು ಎನ್ನಬಹುದು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮತ್ತೊಂದು ಪ್ರಸಂಗ. 2014ರ ಮೇ 31ರ ರಾತ್ರಿ ಮ್ಯಾಸಚೂಸೆಟ್ಸ್ ರಾಜ್ಯದ ಬೆಡ್‌ಫರ್ಡಿನಲ್ಲಿ ಗಲ್ಫ್‌ಸ್ಟ್ರೀಮ್ ಜಿ-4 ಎಂಬ ಖಾಸಗಿ ಜೆಟ್ ವಿಮಾನ ಓಡುದಾರಿಯ ತುದಿಯನ್ನು ದಾಟಿ ಹಳ್ಳಕ್ಕೆ ಬಿದ್ದು ಉರಿದುಹೋಯಿತು. ಇಬ್ಬರು ಪೈಲಟರು, ಒಬ್ಬ ಪರಿಚಾರಕಿ, ನಾಲ್ವರು ಪ್ರಯಾಣಿಕರು, ಒಟ್ಟು ಏಳು ಮಂದಿಯೂ ಬದುಕಲಿಲ್ಲ. ಕಾರಣವನ್ನು ಓದಿದವರಿಗೆ ಬೆರಗಾಗದಿರದು: ಗಸ್ಟ್ ಲಾಕ್ ಬಿಡಿಸಿರಲಿಲ್ಲ. ಮೇಜರ್ ಹಿಲ್ ಅವರ ಅಪಘಾತಕ್ಕೆ 79 ವರ್ಷ ತುಂಬುತ್ತ ಬಂದಿದ್ದಾಗ, ಯಾವ ಮರೆವಿನಿಂದ ಪಟ್ಟಿ ಹುಟ್ಟಿತೋ ಅದೇ ಮರೆವು ಮರಳಿ ಬಂದಿತ್ತು. ಚುಕ್ಕಾಣಿಯನ್ನು ಪೂರ್ತಿಯಾಗಿ ಆಡಿಸಿ ನೋಡಿದ್ದರೆ ಬೀಗ ಬಿದ್ದಿರುವುದು ಆಗಲೇ ತಿಳಿಯುತ್ತಿತ್ತು. ಧ್ವನಿಮುದ್ರಣದಲ್ಲಿ ಪಟ್ಟಿಯನ್ನು ಓದಿದ ಸದ್ದೇ ಇರಲಿಲ್ಲ.

ತನಿಖೆಗಾರರು ವಿಮಾನದ ದತ್ತಾಂಶವನ್ನು ಹಿಂದಕ್ಕೆ ನೋಡುತ್ತ ಹೋದರು. ಆ ಪೈಲಟರು ಅದೇ ವಿಮಾನವನ್ನು ಅದಕ್ಕೆ ಮುಂಚೆ ಹಾರಿಸಿದ 175 ಸಲಗಳಲ್ಲಿ ಶೇಕಡ 98 ಸಲ ಈ ಪರೀಕ್ಷೆಯನ್ನು ಪೂರ್ಣವಾಗಿ ಮಾಡಿರಲಿಲ್ಲ. ಇಬ್ಬರೂ ಸಾವಿರಾರು ಗಂಟೆ ಹಾರಿದವರು. ವರ್ಷಗಳಿಂದ ಜೊತೆಯಾಗಿ ಹಾರಿದವರು. ಇಲ್ಲಿಯೂ ಸಲುಗೆ ಮತ್ತು ದಾಕ್ಷಿಣ್ಯಗಳು ಒಬ್ಬರನ್ನೊಬ್ಬರು ಕೇಳುವ ಬಾಯನ್ನು ಕಟ್ಟಿರಬಹುದು.

ಓದುಗರು ಒಂದು ಕ್ಷಣ ಆಲೋಚಿಸಬೇಕಾದ ಪ್ರಶ್ನೆ ಇದು. 170ಕ್ಕೂ ಹೆಚ್ಚು ಬಾರಿ ಅವರು ಪರೀಕ್ಷೆಯನ್ನು ಬಿಟ್ಟರು. ಅಷ್ಟು ಬಾರಿಯೂ ವಿಮಾನ ಕ್ಷೇಮವಾಗಿ ಇಳಿಯಿತು, ಪ್ರಯಾಣಿಕರು ನಗುತ್ತ ಮನೆಗೆ ಹೋದರು. ಆ ಹಾರಾಟಗಳಲ್ಲಿ ಅವರು ತಪ್ಪು ಮಾಡಿದ್ದರೇ, ಇಲ್ಲವೇ? ಯಾರಿಗೂ ಕೂದಲು ಕೊಂಕದಿದ್ದಾಗ ತಪ್ಪೆಲ್ಲಿಂದ ಬಂತು ಎಂಬುದು ಲೋಕದ ಸಾಮಾನ್ಯ ವಾದ. ನ್ಯಾಯಾಲಯಗಳೂ ಬಹುಮಟ್ಟಿಗೆ ಫಲವನ್ನು ನೋಡಿಯೇ ಅಪರಾಧದ ತೂಕವನ್ನು ನಿರ್ಧರಿಸುತ್ತವೆ. ಹಾಗಾದರೆ ಕೊನೆಯ ಹಾರಾಟದಲ್ಲಿ ಅವರು ಹೊಸದಾಗಿ ಮಾಡಿದ ಅಪರಾಧ ಯಾವುದು? ಹಿಂದಿನ ದಿನಗಳಂತೆಯೇ ಅಂದೂ ಪರೀಕ್ಷೆಯನ್ನು ಬಿಟ್ಟರು. ವ್ಯತ್ಯಾಸ ಇಷ್ಟೇ, ಅಂದು ಬೀಗ ಬಿದ್ದಿತ್ತು. ಪರೀಕ್ಷೆಯನ್ನು ಬಿಟ್ಟವರಿಗೆ ಬೀಗ ಬಿದ್ದಿದೆಯೇ ಇಲ್ಲವೇ ಎಂಬುದು ಅಂದಿನಂತೆ ಬೇರೆ ಯಾವ ದಿನವೂ ತಿಳಿದಿರಲಿಲ್ಲ. ತಿಳಿಯದಿದ್ದರೂ ಪರವಾಗಿಲ್ಲ ಎಂಬ ಮನೋಭಾವವೇ ದೋಷವಾಗಿದ್ದರೆ, ಅದು ಮೊದಲನೆಯ ಸಲವೇ ಪೂರ್ಣವಾಗಿತ್ತು. ಪ್ರಮಾದವೆಂಬ ಶಬ್ದವನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಈ ನಿರ್ಣಯವನ್ನು ಅಷ್ಟು ಸುಲಭವಾಗಿ ಒಪ್ಪಿಬಿಡುವುದೂ ಸರಿಯಲ್ಲ. ದೋಷ ಸಮಾನವೆಂದರೆ, ಪರೀಕ್ಷೆ ಬಿಟ್ಟು ಕ್ಷೇಮವಾಗಿ ಇಳಿದವನೂ ಏಳು ಜೀವಗಳ ಹಾನಿಗೆ ಕಾರಣನಾದವನೂ ಒಂದೇ ಎಂದಂತಾಯಿತಲ್ಲವೇ? ಮೃತರ ಮನೆಯವರ ಮುಂದೆ ನಿಂತು ಹಾಗೆ ಹೇಳಲು ಯಾರ ಬಾಯಿ ಬಂದೀತು? ಈ ಆಕ್ಷೇಪಣೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ದೋಷ ಬೇರೆ, ಋಣ ಬೇರೆ ಎಂದು ಬಗೆದರೆ ಸ್ವಲ್ಪ ದಾರಿ ಕಾಣುತ್ತದೆ. ಹಾನಿಗೆ ಕಾರಣನಾದವನ ಮೇಲೆ, ನೊಂದವರ ಋಣ ಎಂಬ ಭಾರ ಬೀಳುತ್ತದೆ. ಅದನ್ನು ತೀರಿಸಬೇಕಾದವನು ಅವನೇ. ಕ್ಷೇಮವಾಗಿ ಇಳಿದವನ ಮೇಲೆ ಆ ಭಾರವಿಲ್ಲ. ಆದರೆ ತನ್ನ ನಡತೆ ಅವನದಕ್ಕಿಂತ ಶುದ್ಧವಾಗಿತ್ತೆಂದು ಹೇಳಿಕೊಳ್ಳುವ ಅಧಿಕಾರವೂ ಅವನಿಗಿಲ್ಲ.

ಇಂಥವರು ಎಲ್ಲೋ ಒಬ್ಬಿಬ್ಬರಲ್ಲ. ಬೆಡ್‌ಫರ್ಡ್ ಅಪಘಾತದ ಬಳಿಕ ಅಮೆರಿಕದ ಖಾಸಗಿ ವ್ಯಾಪಾರಿ ವಿಮಾನಗಳ ರಾಷ್ಟ್ರೀಯ ಸಂಘವು 2013ರಿಂದ 2015ರವರೆಗಿನ 1,43,756 ಹಾರಾಟಗಳ ದತ್ತಾಂಶವನ್ನು ಪರಿಶೀಲಿಸಿತು. ಸುಮಾರು ಶೇಕಡ 18ರಷ್ಟು ಹಾರಾಟಗಳಲ್ಲಿ ಈ ಪರೀಕ್ಷೆ ಅರೆಬರೆಯಾಗಿತ್ತು ಅಥವಾ ಇರಲೇ ಇಲ್ಲ. ಶೇಕಡ ಎರಡರಷ್ಟರಲ್ಲಿ ಒಂದಿಷ್ಟೂ ನಡೆದಿರಲಿಲ್ಲ. ಮೊದಲ ಸಲ ಬಿಟ್ಟಾಗ ಮನಸ್ಸು ಚುಚ್ಚಿರಲೂಬಹುದು. ಏನೂ ಆಗಲಿಲ್ಲ. ಹತ್ತನೆಯ ಸಲ ಚುಚ್ಚುವುದಿಲ್ಲ. ಚಾಲೆಂಜರ್ ಗಗನನೌಕೆಯ ದುರಂತವನ್ನು ಕುರಿತು 1996ರಲ್ಲಿ ಗ್ರಂಥ ಬರೆದ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ಅವರು, ತಪ್ಪುದಾರಿಯೇ ಕ್ರಮೇಣ ಸರಿದಾರಿಯಂತೆ ರೂಢಿಯಾಗುವ ಈ ಬಗೆಯನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಕ್ಷೇಮವೇ ಇಲ್ಲಿ ದುರ್ಬೋಧನೆ ಮಾಡುವ ಗುರು. ರಾತ್ರಿ ಬಾಗಿಲಿಗೆ ಬೀಗ ಹಾಕಿ, ಅದನ್ನೊಮ್ಮೆ ಎಳೆದು ನೋಡುವ ಹಿರಿಯರನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ.

ಪೈಲಟರೊಬ್ಬರ ಮೇಲೆಯೇ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಆ ಜೆಟ್ಟಿನಲ್ಲಿ ಬೀಗ ಬಿದ್ದಿರುವಾಗ ಎಂಜಿನ್ನಿಗೆ ಏರುವಷ್ಟು ಶಕ್ತಿ ಕೊಡಲಾಗದಂತೆ ತಡೆಯುವ ಏರ್ಪಾಡು ಇರಬೇಕಾಗಿತ್ತು. ಇತ್ತು ಕೂಡ, ಆದರೆ ಅದು ತಡೆಯಬೇಕಾದಷ್ಟು ತಡೆಯುತ್ತಿರಲಿಲ್ಲ. ವಿಮಾನಕ್ಕೆ ಪ್ರಮಾಣಪತ್ರ ಕೊಡುವ ಕಾಲದಲ್ಲಿ ಸರ್ಕಾರದ ಇಲಾಖೆಯೂ ಈ ಕೊರತೆಯನ್ನು ಕಂಡುಹಿಡಿಯಲಿಲ್ಲವೆಂದು ತನಿಖಾ ಮಂಡಳಿ ಹೇಳಿತು. ನಕ್ಷೆಯನ್ನು ನೋಡಿ ಒಪ್ಪಿದ್ದರು. ವಿಮಾನದ ಮೇಲೆ ಎಳೆದು ನೋಡಿರಲಿಲ್ಲ. ಪರೀಕ್ಷಿಸಬೇಕಾದವರೇ ಪರೀಕ್ಷೆಯನ್ನು ಬಿಟ್ಟ ಮಾತು ಇದು.

ತಪ್ಪನ್ನು ಹೊರಗೆಡಹುವ ವಿಷಯದಲ್ಲಿ ಆ ದೇಶದವರು ಮಾಡಿಕೊಂಡಿರುವ ಒಂದು ಏರ್ಪಾಡು ನನಗೆ ಮೆಚ್ಚಿಗೆಯಾಗಿದೆ. 1976ರಿಂದ ನಾಸಾ ಸಂಸ್ಥೆಯು ವೈಮಾನಿಕರಿಂದ ಅವರವರ ತಪ್ಪುಗಳ ವರದಿಯನ್ನು ಗುಟ್ಟಾಗಿ ಸ್ವೀಕರಿಸುತ್ತದೆ. ದಂಡ ಹಾಕುವ ಇಲಾಖೆಯ ಮುಂದೆ ಯಾರೂ ಮನಸ್ಸು ಬಿಚ್ಚಲಾರರೆಂದು ತಿಳಿದೇ, ದಂಡಿಸುವ ಅಧಿಕಾರವಿಲ್ಲದ ಸಂಸ್ಥೆಗೆ ಈ ಕೆಲಸವನ್ನು ವಹಿಸಿದರು. ಹತ್ತು ದಿನಗಳೊಳಗೆ ತಾನಾಗಿ ತಪ್ಪನ್ನು ಬರೆದು ತಿಳಿಸಿದವನಿಗೆ, ಕೆಲವು ಷರತ್ತುಗಳಿಗೆ ಒಳಪಟ್ಟು, ದಂಡದಿಂದ ವಿನಾಯಿತಿ ದೊರೆಯುತ್ತದೆ. ತಪ್ಪು ನಡೆದದ್ದು ದಾಖಲೆಯಲ್ಲಿ ಉಳಿಯಬಹುದು; ಶಿಕ್ಷೆ ಮಾತ್ರ ಬೀಳದು. ಉದ್ದೇಶಪೂರ್ವಕವಾಗಿ ಮಾಡಿದ ತಪ್ಪಿಗೆ ಈ ರಿಯಾಯಿತಿಯಿಲ್ಲ, ಅಪಘಾತವಾದ ಮೇಲೆಯೂ ಇಲ್ಲ. ಅಂದರೆ ಹಾನಿಯಾಗುವುದಕ್ಕೆ ಮುಂಚೆಯೇ ಒಪ್ಪಿಕೊಳ್ಳಬೇಕು. ಯಾರೂ ಕಾಣದ, ಯಾರೂ ಕೇಳದ ತಪ್ಪನ್ನು ತಾನೇ ಕಂಡು ತಾನೇ ಬರೆಯಬೇಕು. ನಿಯಮಾವಳಿ ಕೇಳುವ ಆ ‘ನೈತಿಕ ಶೀಲ’ಕ್ಕೆ ಎಲ್ಲಿಯಾದರೂ ಪರೀಕ್ಷೆ ಇದ್ದರೆ ಅದು ಈ ಕಾಗದದಲ್ಲಿಯೂ, ಟ್ಯಾಕ್ಸಿಗೆ ಮುಂಚಿನ ಆ ಕೆಲವು ಸೆಕೆಂಡುಗಳಲ್ಲಿಯೂ ಇದೆ. ಮರೆವಿಗೂ ಉಪೇಕ್ಷೆಗೂ ಇರುವ ಗಡಿ ಮಾತ್ರ ಎಲ್ಲ ಕಡೆಯೂ ಸ್ಪಷ್ಟವಾಗಿಲ್ಲ. 171ನೆಯ ಸಲ ಬಿಟ್ಟುಹೋದುದನ್ನು ಮರೆವು ಎನ್ನೋಣವೇ? ಬಿಡಬೇಕೆಂದು ಅಂದು ಯಾರೂ ಸಂಕಲ್ಪಿಸಿರಲಿಲ್ಲ, ನಿಜ. ಸಂಕಲ್ಪದ ಅಗತ್ಯವೇ ಇಲ್ಲದಷ್ಟು ಅದು ಅಭ್ಯಾಸವಾಗಿತ್ತು.

ಮುಂದೆಂದಾದರೂ ವಿಮಾನದಲ್ಲಿ ರೆಕ್ಕೆಯ ಸ್ವಲ್ಪ ಹಿಂದೆ ಕಿಟಕಿಯ ಪಕ್ಕದ ಆಸನ ಸಿಕ್ಕಿದರೆ, ಎಂಜಿನ್ನಿನ ಸದ್ದು ಕೇಳಿದ ಮೇಲೆ, ವಿಮಾನ ಟ್ಯಾಕ್ಸಿ ಹೊರಡುವ ಹೊತ್ತಿನಲ್ಲಿ ಹೊರಗೆ ನೋಡಿರಿ. ರೆಕ್ಕೆಯ ಹಿಂದಂಚಿನ ಒಂದು ಪಟ್ಟಿ ನಿಧಾನವಾಗಿ ಮೇಲೆದ್ದು, ಮತ್ತೆ ಕೆಳಗಿಳಿದು, ಸಮಕ್ಕೆ ಬಂದು ನಿಲ್ಲುವುದು ಕಾಣುತ್ತದೆ. ಒಳಗೆ ಕುಳಿತವರಲ್ಲಿ ಅದನ್ನು ಗಮನಿಸುವವರು ಬಹಳ ಕಡಿಮೆ.